ಬಾಯಿಪಾಠದಿಂದ ಹೃದಯಪಾಠಕ್ಕೆ

ಭಾನುವಾರದ ಬಲಿಪೂಜೆಯಲ್ಲಿ ಮೊದಲನೆಯ ವಾಚನ ಮುಗಿದೊಡನೆ ಗಾಯನವೃಂದದವರು ಕೀರ್ತನೆಯನ್ನು ಎತ್ತಿಕೊಳ್ಳುತ್ತಾರೆ. ನೆರೆದ ಭಕ್ತಾದಿಗಳು ಅದರ ಶ್ಲೋಕವನ್ನು ಮರುನುಡಿಯಬೇಕು. ಮೊದಲ ಬಾರಿ ದನಿ ತುಂಬಿರುತ್ತದೆ. ಎರಡನೆಯ ಚರಣದ ಹೊತ್ತಿಗೆ ಅದು ಅರ್ಧಕ್ಕೆ ಇಳಿದಿರುತ್ತದೆ. ಮೂರನೆಯ ಬಾರಿಗೆ ಹಲವರ ಕಣ್ಣು ಕೈಯಲ್ಲಿರುವ ಹಾಳೆಯನ್ನೋ ಗೋಡೆಯ ಮೇಲಿನ ಪರದೆಯನ್ನೋ ಅರಸುತ್ತಿರುತ್ತದೆ. ಒಂದು ನಿಮಿಷದ ಹಿಂದೆ ಕೇಳಿದ ಒಂದೇ ಒಂದು ಸಾಲು ನಮ್ಮ ನೆನಪಿನಲ್ಲಿ ನಿಂತಿರುವುದಿಲ್ಲ. ಇದು ಯಾವ ಒಂದು ಧರ್ಮಕೇಂದ್ರದ ಕಥೆಯೂ ಅಲ್ಲ, ಯಾರನ್ನೂ ದೂಷಿಸಲು ಹೇಳುತ್ತಿರುವ ಮಾತೂ ಅಲ್ಲ. ಆದರೆ ದೈವವಾಕ್ಯಕ್ಕೂ ನಮಗೂ ಇರುವ ನಂಟು ಎಷ್ಟು ತೆಳುವಾಗಿದೆ ಎಂಬುದನ್ನು ಈ ಚಿಕ್ಕ ಸಂಗತಿ ತೋರಿಸಿಕೊಡುತ್ತದೆ.

ದೈವವಾಕ್ಯ ಇಂದು ದುರ್ಲಭವಾಗಿಲ್ಲ. ಪವಿತ್ರ ಗ್ರಂಥವನ್ನು ಭಕ್ತಾದಿಗಳೆಲ್ಲರ ಕೈಗೆ ಎಟಕುವಂತೆ ಮಾಡಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕರೆಯಿತ್ತಿತು. 1969ರ ಆಗಮನ ಕಾಲದಿಂದ ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಬರತೊಡಗಿ, ಶುಭಸಂದೇಶಗಳ ಬಹುಭಾಗ ನಮ್ಮ ಕಿವಿಗೆ ಬೀಳುವಂತಾಯಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೈವವಾಕ್ಯದ ಭಾನುವಾರವೆಂದು ಸ್ಥಾಪಿಸಿದರು. ಮನೆಮನೆಯಲ್ಲಿ ಕನ್ನಡ ಬೈಬಲ್ ಇದೆ. ಜೇಬಿನಲ್ಲಿರುವ ಮೊಬೈಲ್ ಫೋನಿನಲ್ಲಿಯೂ ಇದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪುಸ್ತಕ ಮುಚ್ಚಿದ ಮೇಲೆ, ಫೋನು ಆರಿದ ಮೇಲೆ, ನಮ್ಮೊಳಗೆ ಉಳಿಯುವ ದೈವವಾಕ್ಯ ಎಷ್ಟು? ಪವಿತ್ರ ಗ್ರಂಥದ ಒಂದು ಪೂರ್ಣ ಕೀರ್ತನೆಯನ್ನಾದರೂ ಮನೆಯವರೆಲ್ಲ ಕೂಡಿ ಪುಸ್ತಕ ನೋಡದೆ ಹೇಳಬಲ್ಲ ಕುಟುಂಬಗಳು ನಮ್ಮಲ್ಲಿ ಎಷ್ಟಿವೆ?

ಗಮನಿಸಬೇಕಾದ ಮೊದಲ ಸಂಗತಿಯೆಂದರೆ, ಕಥೋಲಿಕರಾದ ನಾವು ಕಂಠಪಾಠಕ್ಕೆ ಹೊಸಬರಲ್ಲ. ನಮಗರಿವಿಲ್ಲದೆಯೇ ಪವಿತ್ರ ಗ್ರಂಥದ ಎಷ್ಟೋ ಮಾತುಗಳು ನಮ್ಮ ನಾಲಿಗೆಯ ಮೇಲಿವೆ. ಪ್ರಭು ಕಲಿಸಿದ ಪ್ರಾರ್ಥನೆ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ್ದು. ‘ನಮೋ ಮರಿಯ’ ಪ್ರಾರ್ಥನೆಯ ಪೂರ್ವಾರ್ಧ ಗಬ್ರಿಯೇಲ ದೂತನ ವಂದನೆ ಮತ್ತು ಎಲಿಜಬೇತಳ ಹರಕೆ. ಎರಡೂ ಲೂಕನ ಮೊದಲನೆಯ ಅಧ್ಯಾಯದಲ್ಲಿವೆ. ಮಹಿಮೆಯ ಗೀತೆಯ ಮೊದಲ ಸಾಲುಗಳು ಬೆತ್ಲೆಹೇಮಿನ ಬಯಲಿನಲ್ಲಿ ಕುರುಬರು ಕೇಳಿದ ದೂತಗಣದ ಗಾನ. ದೇವರನ್ನು ಮೂರು ಬಾರಿ ಪವಿತ್ರರೆಂದು ಹೊಗಳುವ ಸ್ತುತಿ ಪ್ರವಾದಿ ಯೆಶಾಯನು ಮಹಾದೇವಾಲಯದಲ್ಲಿ ಕಂಡ ದರ್ಶನದ್ದು. ದೇವರ ಕುರಿಮರಿಯನ್ನು ಕುರಿತ ಬಿನ್ನಹ ಸ್ನಾನಿಕ ಯೊವಾನ್ನನ ಮಾತಿನಿಂದ ಬಂದದ್ದು. ಸತ್ಪ್ರಸಾದ ಸ್ವೀಕಾರಕ್ಕೆ ಮುನ್ನ ನಮ್ಮ ಅಯೋಗ್ಯತೆಯನ್ನು ಒಪ್ಪಿಕೊಳ್ಳುವ ಮಾತು ಕಫೆರ್ನವುಮಿನ ಶತಾಧಿಪತಿಯದು. ಗುರುಗಳು ನಮ್ಮತ್ತ ಕೈಚಾಚಿ ಪ್ರಭುವಿನ ಸಾನ್ನಿಧ್ಯವನ್ನು ಹಾರೈಸುವ ಮಾತು ಕೂಡ, ಬೋವಜನು ತನ್ನ ಹೊಲದಲ್ಲಿ ಪೈರು ಕೊಯ್ಯುತ್ತಿದ್ದವರಿಗೆ ಹೇಳಿದ ವಂದನೆಯಾಗಿ ರೂತಳ ಗ್ರಂಥದಲ್ಲಿ ದೊರೆಯುತ್ತದೆ.

ಅಂದಮೇಲೆ ಬಲಿಪೂಜೆಯೆಂಬುದು ಬಹುಮಟ್ಟಿಗೆ ಪವಿತ್ರ ಗ್ರಂಥವನ್ನೇ ಕೂಡಿ ನುಡಿಯುವ ಕ್ರಿಯೆ. ಇವನ್ನು ನಾವು ಯಾವ ಪರೀಕ್ಷೆಗೂ ಕೂತು ಕಲಿತವರಲ್ಲ. ತಾಯಿಯ ಮಡಿಲಲ್ಲಿ, ಅಜ್ಜಿಯ ಜಪಸರದ ಬಳಿಯಲ್ಲಿ ಕೇಳಿ ಕೇಳಿ ನಮ್ಮದಾಗಿಸಿಕೊಂಡೆವು. ಆದರೆ ಈ ಮಾತುಗಳ ಮೂಲ ತಿಳಿಯದ ಕಾರಣ ಅವು ಬೇರಿಲ್ಲದ ಹೂಗಳಂತೆ ಉಳಿದಿವೆ. ಶತಾಧಿಪತಿಯ ಪ್ರಸಂಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ ಸತ್ಪ್ರಸಾದದ ಮುನ್ನಿನ ಆ ಮಾತು ಸುಮ್ಮನೆ ಬಾಯಿಗೆ ಬರುವ ಸೂತ್ರವಾಗಿರುವುದಿಲ್ಲ. ತನ್ನ ಸೇವಕನಿಗಾಗಿ ಕಳವಳಗೊಂಡ ಒಬ್ಬ ಪರಕೀಯನ ದೈನ್ಯ ಆ ಕ್ಷಣದಲ್ಲಿ ಅವನದಾಗುತ್ತದೆ.

ಈ ರೂಢಿಯ ಬೇರು ಬಹಳ ಆಳವಾದುದು. ದೇವರ ಆಜ್ಞೆಗಳು ಹೃದಯದಲ್ಲಿ ನೆಲೆಸಿರಬೇಕು, ಅವನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಿಕೊಡಬೇಕು, ಮನೆಯಲ್ಲಿದ್ದಾಗಲೂ ಪ್ರಯಾಣದಲ್ಲಿದ್ದಾಗಲೂ ಅವುಗಳ ಮಾತು ನಡೆಯುತ್ತಿರಬೇಕು ಎಂದು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ವಿಧಿಸುತ್ತದೆ. ಮೊದಲನೆಯ ಕೀರ್ತನೆಯಲ್ಲಿ ಹಗಲಿರುಳು ಧರ್ಮಶಾಸ್ತ್ರವನ್ನು ಧ್ಯಾನಿಸುವವನ ಪ್ರಸ್ತಾಪ ಬರುತ್ತದೆ. ಅಲ್ಲಿ ಧ್ಯಾನವೆಂಬ ಅರ್ಥಕ್ಕೆ ಬಳಕೆಯಾಗಿರುವ ಹೀಬ್ರೂ ಕ್ರಿಯಾಪದ ಸದ್ದಿಲ್ಲದ ಚಿಂತನೆಯನ್ನಷ್ಟೇ ಸೂಚಿಸುವುದಿಲ್ಲ. ಮೆಲುದನಿಯಲ್ಲಿ ಗುನುಗುವುದನ್ನು ಸೂಚಿಸುತ್ತದೆ. ಯೆಶಾಯನ ಗ್ರಂಥದಲ್ಲಿ ಪಾರಿವಾಳದ ಮೊರೆತಕ್ಕೂ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಇದೇ ಪದ ಬಂದಿದೆ. ಅಂದರೆ ಬೈಬಲಿನ ದೃಷ್ಟಿಯಲ್ಲಿ ಧ್ಯಾನವು ತುಟಿಯಿಂದಲೇ ಮೊದಲಾಗುತ್ತದೆ. ಕೀರ್ತನೆಗಳಲ್ಲೇ ಅತ್ಯಂತ ದೀರ್ಘವಾದ 119ನೆಯ ಕೀರ್ತನೆಯಲ್ಲಿ 176 ವಚನಗಳಿವೆ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ, ಅಕ್ಷರಕ್ಕೆ ಎಂಟರಂತೆ ಅವನ್ನು ಹೊಂದಿಸಲಾಗಿದೆ. ನೆನಪಿಗೆ ಇದಕ್ಕಿಂತ ಮಿಗಿಲಾದ ಊರುಗೋಲು ಬೇಕೆ?

ಹೀಗೆ ಹೃದಯದಲ್ಲಿ ಹೊತ್ತ ಮಾತು ಸಂಕಟದಲ್ಲಿ ಪ್ರಾರ್ಥನೆಯಾಗಿ ಹೊರಬರುತ್ತದೆ. ಮೀನಿನ ಹೊಟ್ಟೆಯಲ್ಲಿ ಸಿಲುಕಿದ ಯೋನನ ಬಳಿ ಯಾವ ಸುರುಳಿಯೂ ಇರಲಿಲ್ಲ. ಅವನ ಗ್ರಂಥದ ಎರಡನೆಯ ಅಧ್ಯಾಯದಲ್ಲಿರುವ ಪ್ರಾರ್ಥನೆಯಾದರೋ ಕೀರ್ತನೆಗಳ ನುಡಿಗಳಿಂದಲೇ ನೇಯ್ದದ್ದು. ಮಾತೆ ಮರಿಯಮ್ಮನವರು ಎಲಿಜಬೇತಳ ಮನೆಯಲ್ಲಿ ಹಾಡಿದ ಸ್ತುತಿಗೀತೆಯಲ್ಲಿ ಸಮುವೇಲನ ತಾಯಿ ಹನ್ನಳ ಗೀತೆಯ ಪ್ರತಿಧ್ವನಿ ಇದೆ. ಶತಮಾನಗಳ ಹಿಂದಿನ ಒಬ್ಬ ತಾಯಿಯ ಹಾಡು ನಜರೇತಿನ ಯುವತಿಯ ಆನಂದಕ್ಕೆ ಮಾತು ಒದಗಿಸಿತು. ನಮ್ಮ ಪ್ರಭುವೂ ಶಿಲುಬೆಯ ಮೇಲೆ ತನ್ನ ಯಾತನೆಗೆ ಮಾತನ್ನು ಕೀರ್ತನೆಗಳಿಂದಲೇ ಪಡೆದರು. ಮತ್ತಾಯ ಮತ್ತು ಮಾರ್ಕರು ದಾಖಲಿಸಿದ ಕೂಗು 22ನೆಯ ಕೀರ್ತನೆಯ ಆರಂಭ; ಲೂಕನು ದಾಖಲಿಸಿದ ಕೊನೆಯ ಸಮರ್ಪಣೆ 31ನೆಯ ಕೀರ್ತನೆಯದು.

ಧರ್ಮಸಭೆಯ ಇತಿಹಾಸದಲ್ಲಿಯೂ ಇದು ಅಳಿಯದೆ ಬಂದ ಪರಂಪರೆ. ಈಜಿಪ್ಟಿನ ಮರುಭೂಮಿಯ ಸಂತ ಅಂತೋಣಿಯವರು ದೇವಾಲಯದಲ್ಲಿ ಓದಿದ್ದನ್ನು ಎಷ್ಟು ಏಕಾಗ್ರತೆಯಿಂದ ಕೇಳುತ್ತಿದ್ದರೆಂದರೆ ಅವರ ನೆನಪೇ ಅವರಿಗೆ ಗ್ರಂಥವಾಗಿತ್ತೆಂದು ಸಂತ ಅಥನೇಸಿಯಸ್ ಬರೆದಿದ್ದಾರೆ. ನಾಲ್ಕನೆಯ ಶತಮಾನದ ಸಂತ ಪಕೋಮಿಯಸರ ಮಠಗಳ ನಿಯಮದ ಪ್ರಕಾರ ಪ್ರತಿಯೊಬ್ಬ ಸನ್ಯಾಸಿಯೂ ಕನಿಷ್ಠಪಕ್ಷ ಕೀರ್ತನೆಗಳನ್ನೂ ಹೊಸ ಒಡಂಬಡಿಕೆಯನ್ನೂ ಬಾಯಿಪಾಠ ಮಾಡಬೇಕಿತ್ತು. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮ 150 ಕೀರ್ತನೆಗಳನ್ನೂ ಪ್ರತಿ ವಾರ ಪೂರ್ತಿಯಾಗಿ ಹೇಳಬೇಕೆಂದು ಗೊತ್ತುಪಡಿಸಿತು. ಮಲಗುವ ಮುನ್ನಿನ ಪ್ರಾರ್ಥನೆಗೆ ಮಾತ್ರ ಪ್ರತಿ ರಾತ್ರಿ 4, 91 ಮತ್ತು 134ನೆಯ ಕೀರ್ತನೆಗಳೇ. 787ರಲ್ಲಿ ಸೇರಿದ ಎರಡನೆಯ ನೈಸಿಯಾ ಮಹಾಸಭೆ, ಕೀರ್ತನೆಗಳನ್ನು ಕಂಠಸ್ಥ ಮಾಡಿಕೊಂಡಿರದವರು ಧರ್ಮಾಧ್ಯಕ್ಷರಾಗಬಾರದೆಂದೇ ವಿಧಿಸಿತು.

ಇದು ಮಠವಾಸಿಗಳಿಗೂ ಧರ್ಮಾಧ್ಯಕ್ಷರಿಗೂ ಮಾತ್ರ ಸೇರಿದ ವಿಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಸಂತ ಜೆರೋಮರು ಸುಮಾರು 403ರಲ್ಲಿ ರೋಮಿನ ಲೇತಾ ಎಂಬ ಗೃಹಿಣಿಗೆ ಅವಳ ಪುಟ್ಟ ಮಗಳ ಶಿಕ್ಷಣದ ಬಗ್ಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಮಗು ಮೊದಲು ಕೀರ್ತನೆಗಳನ್ನು ಕಲಿಯಲಿ, ದಿನಕ್ಕಿಷ್ಟೆಂದು ಪವಿತ್ರ ಗ್ರಂಥದ ಭಾಗವನ್ನು ತಾಯಿಗೆ ಒಪ್ಪಿಸಲಿ ಎಂಬುದು ಅವರ ಸಲಹೆ. ಮಧ್ಯಯುಗದಲ್ಲಿ ಓದುಬರಹ ಅರಿಯದ ಸಾಮಾನ್ಯ ಭಕ್ತರು 150 ಕೀರ್ತನೆಗಳ ಸ್ಥಾನದಲ್ಲಿ 150 ‘ನಮೋ ಮರಿಯ’ ಹೇಳಿಕೊಂಡರು. ಆ ಕಾರಣಕ್ಕೇ ಜಪಸರಕ್ಕೆ ಮರಿಯಮ್ಮನ ಕೀರ್ತನಮಾಲೆ ಎಂಬ ಹೆಸರು ಬಂದಿತು. ನಾವು ಪ್ರತಿ ಸಂಜೆ ಹಿಡಿಯುವ ಜಪಮಣಿಗಳು ಕೀರ್ತನೆಗಳ ನೆನಪನ್ನೇ ಹೊತ್ತಿವೆ ಎಂದರೆ ತಪ್ಪಾಗಲಾರದು.

ಕನ್ನಡ ನೆಲಕ್ಕೂ ಕಂಠದ ಪರಂಪರೆ ಪರಕೀಯವಲ್ಲ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು, ಮಲೆಯ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರು ಪುಸ್ತಕದ ನೆರವಿಲ್ಲದೆ ರಾತ್ರಿಯಿಡೀ ಹಾಡಬಲ್ಲರು. ಅವರ ಪಾಲಿಗೆ ಕಾವ್ಯವೆಂದರೆ ಕಪಾಟಿನಲ್ಲಿಡುವ ವಸ್ತುವಲ್ಲ, ಮೈಗೂಡಿದ ಉಸಿರು. ನಮ್ಮದೇ ಸಮುದಾಯದಲ್ಲಿ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಶುಭ ಶುಕ್ರವಾರದಂದು ಪ್ರಭುವಿನ ಯಾತನೆಯ ನಾಟಕವಾಡುವ ಗ್ರಾಮಸ್ಥರೂ ಈ ಪರಂಪರೆಯವರೇ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಕ್ರಿಸ್ತಪುರಾಣದ ನಂಟಿದೆ. 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್, ಹೊಸ ವಿಶ್ವಾಸಿಗಳಿಗೆ ಹಾಡಿ ಕೇಳಲು ಪುರಾಣವೊಂದು ಬೇಕೆಂದು ರಕ್ಷಣೆಯ ಚರಿತ್ರೆಯನ್ನು ಸುಮಾರು 11,000 ಓವಿಗಳಲ್ಲಿ ರಚಿಸಿದರು. ಭಾಷೆ ಕೊಂಕಣಿ ಬೆರೆತ ಮರಾಠಿ. 1616ರಲ್ಲಿ ರಾಚೋಲಿನಲ್ಲಿ ಅಚ್ಚಾದ ಅದು ಆ ಶತಮಾನದಲ್ಲೇ ಮತ್ತೆರಡು ಬಾರಿ ಮುದ್ರಣ ಕಂಡಿತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಉಳಿದಿರುವಂತೆ ತಿಳಿದಿಲ್ಲ. ಆದರೂ ಕಾವ್ಯ ಅಳಿಯಲಿಲ್ಲ. ಹಾಡಿಕೊಂಡವರೂ ಕೈಯಾರೆ ಬರೆದಿಟ್ಟುಕೊಂಡವರೂ ಅದನ್ನು ಉಳಿಸಿದರು. 1907ರಲ್ಲಿ ಅದು ಮಂಗಳೂರಿನಲ್ಲಿ ಮತ್ತೆ ಅಚ್ಚಾಯಿತು. ಮುದ್ರಿತ ಹಾಳೆಗಿಂತ ಭಕ್ತರ ಒಲವು ಗಟ್ಟಿಯಾದುದು ಎಂಬುದಕ್ಕೆ ಇದು ಸಾಕ್ಷಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಅಪಚಾರವಾದೀತು. ಪವಿತ್ರ ಗ್ರಂಥವನ್ನು ಬಾಯಿಪಾಠ ಮಾಡಿಕೊಂಡವರಲ್ಲಿ ಸೈತಾನನೂ ಒಬ್ಬ! ತಪಸ್ಸುಕಾಲದ ಮೊದಲನೆಯ ಭಾನುವಾರ, ಮೂರು ವರ್ಷಗಳಿಗೊಮ್ಮೆ, ಲೂಕನ ಶುಭಸಂದೇಶದಿಂದ ಪ್ರಭುವಿನ ಶೋಧನೆಯ ಪ್ರಸಂಗವನ್ನು ಓದಲಾಗುತ್ತದೆ. 2025ರ ಮಾರ್ಚ್ 9ರಂದು ನಾವದನ್ನು ಕೇಳಿದೆವು. ಮಹಾದೇವಾಲಯದ ಶಿಖರದಲ್ಲಿ ಪ್ರಭುವನ್ನು ನಿಲ್ಲಿಸಿ ಸೈತಾನನು ಉದ್ಧರಿಸುವುದು 91ನೆಯ ಕೀರ್ತನೆಯನ್ನು. ದೂತರು ಕೈಗಳಲ್ಲಿ ಎತ್ತಿಕೊಂಡು ಕಾಪಾಡುವರೆಂಬ ಭರವಸೆಯ ವಚನಗಳನ್ನು. ಅಂದಿನ ಬಲಿಪೂಜೆಯಲ್ಲಿ ಮೊದಲನೆಯ ವಾಚನದ ಬಳಿಕ ನಾವು ಹಾಡುವ ಕೀರ್ತನೆಯೂ ಅದೇ 91. ಕೆಲವೇ ನಿಮಿಷಗಳ ಹಿಂದೆ ನಾವು ಭಕ್ತಿಯಿಂದ ಹಾಡಿದ ಮಾತುಗಳನ್ನೇ ಸೈತಾನನ ಬಾಯಲ್ಲಿ ಕೇಳುತ್ತೇವೆ. ಧರ್ಮಸಭೆ ಈ ಎರಡನ್ನೂ ಒಂದೇ ದಿನದಲ್ಲಿ ಇರಿಸಿರುವುದು ನಮ್ಮನ್ನು ಬೆಚ್ಚಿಬೀಳಿಸಬೇಕು. ಆದರೆ ಕೀರ್ತನೆ ಕಿವಿಯ ಮೇಲಷ್ಟೇ ಹಾದುಹೋಗಿದ್ದರೆ ಬೆಚ್ಚುವುದೆಲ್ಲಿಂದ ಬಂತು?

ಇನ್ನೂ ಒಂದು ಸೂಕ್ಷ್ಮವಿದೆ. ಸೈತಾನನು 11 ಮತ್ತು 12ನೆಯ ವಚನಗಳಿಂದ ಆಯ್ದು ಹೇಳಿ ಅಲ್ಲಿಗೇ ನಿಲ್ಲಿಸುತ್ತಾನೆ. ಮುಂದಿನ 13ನೆಯ ವಚನ, ದೇವರನ್ನು ನಂಬಿದವನು ಸಿಂಹವನ್ನೂ ಸರ್ಪವನ್ನೂ ಕಾಲಡಿಯಲ್ಲಿ ತುಳಿಯುವನೆಂದು ಹೇಳುತ್ತದೆ. ಆ ಮಾತು ಶೋಧಕನಿಗೆ ರುಚಿಸುವಂಥದ್ದಲ್ಲ. ತನಗೆ ಬೇಕಾದ ತುಣುಕನ್ನು ಕಿತ್ತುಕೊಂಡು ತನ್ನ ಉದ್ದೇಶಕ್ಕೆ ಬಳಸುವುದು ಅವನ ರೀತಿ. ಪ್ರಭುವಿನ ರೀತಿಯೇ ಬೇರೆ. ಅವರು ಮೂರು ಬಾರಿಯೂ ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದಿಂದ, ಅದರ 6 ಮತ್ತು 8ನೆಯ ಅಧ್ಯಾಯಗಳಿಂದ. ಇಸ್ರಯೇಲರು 40 ವರ್ಷ ಅರಣ್ಯದಲ್ಲಿ ಅಲೆದು ಹಸಿದು ಶೋಧನೆಗೆ ಒಳಗಾದುದನ್ನು ಸ್ಮರಿಸುವ ಅಧ್ಯಾಯಗಳವು. 40 ದಿನ ಅರಣ್ಯದಲ್ಲಿ ಹಸಿದಿದ್ದವರು, ತಮ್ಮ ಜನರ ಆ ಚರಿತ್ರೆಯನ್ನೇ ಹೃದಯದಲ್ಲಿ ಹೊತ್ತು ನಿಂತಿದ್ದರು. ಸೈತಾನನಿಗೆ ವಚನ ಗೊತ್ತಿತ್ತು. ಪ್ರಭುವಿಗೆ ವಾಕ್ಯವು ವಾಸಸ್ಥಾನವಾಗಿತ್ತು.

ಇದೇ ಮಾತು 22ನೆಯ ಕೀರ್ತನೆಗೂ ಸಲ್ಲುತ್ತದೆ. ಗರಿಗಳ ಭಾನುವಾರದಂದು ಪ್ರತಿ ವರ್ಷವೂ ನಾವು ಹಾಡುವ ಕೀರ್ತನೆ ಅದು. ಅದರ ಮೊದಲ ಸಾಲನ್ನು ಮಾತ್ರ ಬಲ್ಲವನಿಗೆ ಶಿಲುಬೆಯ ಕೂಗಿನಲ್ಲಿ ಪರಿತ್ಯಕ್ತನ ಹತಾಶೆ ಮಾತ್ರ ಕೇಳಿಸೀತು. ಪೂರ್ಣ ಕೀರ್ತನೆಯನ್ನು ಬಲ್ಲವನಿಗೆ ಅದು ಎಲ್ಲಿ ಮುಗಿಯುತ್ತದೆಂಬುದೂ ಗೊತ್ತಿರುತ್ತದೆ. ನೆರೆದ ಸಭೆಯ ನಡುವೆ ದೇವರನ್ನು ಕೊಂಡಾಡುವ, ಇನ್ನೂ ಹುಟ್ಟದ ಪೀಳಿಗೆಗೆ ಅವರ ರಕ್ಷಣೆಯನ್ನು ಸಾರುವ ಭರವಸೆಯಲ್ಲಿ. ಯಾತನೆ ಅಲ್ಲಿ ಸುಳ್ಳಾಗುವುದಿಲ್ಲ. ಆದರೆ ಅದೇ ಕೊನೆಯ ಮಾತಾಗುವುದೂ ಇಲ್ಲ.

ಆದಕಾರಣ ನಮ್ಮ ಧರ್ಮೋಪದೇಶ ತರಗತಿಗಳಲ್ಲಿಯೂ ಬೈಬಲ್ ರಸಪ್ರಶ್ನೆಗಳಲ್ಲಿಯೂ ನಡೆಯುವ ಕಂಠಪಾಠದ ಬಗೆಗೆ ಸ್ವಲ್ಪ ಆಲೋಚಿಸುವುದು ಒಳಿತು. ಮಕ್ಕಳು ಬಿಡಿ ವಚನಗಳನ್ನೂ ಅಧ್ಯಾಯದ ಸಂಖ್ಯೆಗಳನ್ನೂ ಅರಳು ಹುರಿದಂತೆ ಹೇಳಿ ಬಹುಮಾನ ಗೆಲ್ಲುತ್ತಾರೆ. ಶ್ರಮವಹಿಸಿ ಕಲಿಸುವ ಉಪದೇಶಕರ, ಕನ್ಯಾಸ್ತ್ರೀಯರ ಸೇವೆ ಶ್ಲಾಘನೀಯವೇ ಸರಿ. ಆದರೆ ಸ್ಪರ್ಧೆಗಾಗಿ ಕಲಿತದ್ದು ಸ್ಪರ್ಧೆಯೊಡನೆ ಮುಗಿದುಹೋಗುತ್ತದೆ. ಪ್ರಾರ್ಥನೆಗಾಗಿ ಕಲಿತದ್ದು ಪ್ರಾರ್ಥಿಸಿದಷ್ಟೂ ಬೆಳೆಯುತ್ತದೆ. ಇಪ್ಪತ್ತು ಬಿಡಿ ವಚನಗಳಿಗಿಂತ ಒಂದು ಇಡೀ ಕೀರ್ತನೆ ಲೇಸು.

ಈ ಅಭ್ಯಾಸದ ಬೆಲೆ ತಿಳಿಯುವುದು ಎಲ್ಲವೂ ಕೈತಪ್ಪಿದಾಗ. ವಿಯೆಟ್ನಾಮಿನ ಸಾಯ್‌ಗಾನಿನ ಸಹ ಮಹಾಧರ್ಮಾಧ್ಯಕ್ಷರಾಗಿದ್ದ ಫ್ರಾನ್ಸಿಸ್ ಝೇವಿಯರ್ ವಾನ್ ಥುವಾನ್ ಅವರನ್ನು 1975ರ ಆಗಸ್ಟ್ 15ರಂದು ಬಂಧಿಸಲಾಯಿತು. 13 ವರ್ಷಗಳ ಸೆರೆ. ಅದರಲ್ಲಿ 9 ವರ್ಷ ಏಕಾಂತವಾಸ. ಬೈಬಲನ್ನು ಕೊಂಡೊಯ್ಯಲು ಅವರಿಗೆ ಆಗಿರಲಿಲ್ಲ. ಸಿಕ್ಕಸಿಕ್ಕ ಕಾಗದದ ಚೂರುಗಳನ್ನು ಒಟ್ಟುಮಾಡಿ, ನೆನಪಿನಿಂದ ಪವಿತ್ರ ಗ್ರಂಥದ 300ಕ್ಕೂ ಹೆಚ್ಚು ವಾಕ್ಯಗಳನ್ನು ಬರೆದು, ಅದನ್ನೇ ತಮ್ಮ ಬೈಬಲಾಗಿ ಮಾಡಿಕೊಂಡರು. 2000ದಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳಿಗೆ ನಡೆಸಿಕೊಟ್ಟ ತಪಸ್ಸುಕಾಲದ ಧ್ಯಾನಕೂಟದಲ್ಲಿ ಅವರೇ ಇದನ್ನು ಹೇಳಿಕೊಂಡರು. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತಧರ್ಮ ನಿಷೇಧಕ್ಕೊಳಗಾದ ಬಳಿಕ ನಾಗಸಾಕಿಯ ಸುತ್ತಮುತ್ತಲ ಬಡ ರೈತರೂ ಬೆಸ್ತರೂ ಇನ್ನೂರಕ್ಕೂ ಹೆಚ್ಚು ವರ್ಷ ಗುರುಗಳಿಲ್ಲದೆ, ದೇವಾಲಯವಿಲ್ಲದೆ, ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. 1865ರ ಮಾರ್ಚ್ 17ರಂದು ಅವರಲ್ಲಿ ಕೆಲವರು ಹೊಸದಾಗಿ ಕಟ್ಟಿದ ಔರಾ ದೇವಾಲಯಕ್ಕೆ ಬಂದು ಫ್ರೆಂಚ್ ಗುರುವೊಬ್ಬರಿಗೆ ತಮ್ಮ ವಿಶ್ವಾಸವನ್ನು ತಿಳಿಸಿದಾಗ ಜಗತ್ತೇ ಬೆರಗಾಯಿತು.

ನಮಗೆ ಅಂಥ ಹಿಂಸೆ ಬಂದಿಲ್ಲದಿರಬಹುದು. ಆದರೆ 2020ರಲ್ಲಿ ಕೊರೋನಾ ವ್ಯಾಧಿಯಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿ, ಆ ವರ್ಷದ ಏಪ್ರಿಲ್ 12ರ ಪಾಸ್ಕ ಹಬ್ಬವನ್ನು ಮನೆಯೊಳಗೇ ಆಚರಿಸಬೇಕಾದುದನ್ನು ಯಾರೂ ಮರೆತಿಲ್ಲ. ಆಸ್ಪತ್ರೆಯ ಒಳಕೋಣೆಯಲ್ಲಿ ಒಬ್ಬರೇ ಮಲಗಿದ್ದವರ ಬಳಿಗೆ ಮನೆಯವರಿಗೂ ಪ್ರವೇಶವಿರಲಿಲ್ಲ. ಅಲ್ಲಿ ಜೊತೆಗಿದ್ದುದು ಹೃದಯದಲ್ಲಿದ್ದುದು ಮಾತ್ರ. ಸಾಂಕ್ರಾಮಿಕ ಹೋಯಿತು, ಆದರೆ ರೋಗಶಯ್ಯೆ ಎಲ್ಲರಿಗೂ ಇದ್ದೇ ಇದೆ. ರೋಗಿಗಳ ಅಭ್ಯಂಗಕ್ಕಾಗಿ ಮನೆಗಳಿಗೆ ಹೋಗುವ ಗುರುಗಳು ಬಲ್ಲರು: ಮಕ್ಕಳ ಹೆಸರನ್ನೇ ಮರೆತ ಅಜ್ಜ ಅಜ್ಜಿಯರು ಎಷ್ಟೋ ವೇಳೆ ಬಾಲ್ಯದಲ್ಲಿ ಕಲಿತ ಪ್ರಾರ್ಥನೆಯನ್ನು ಮೊದಲಿಟ್ಟರೆ ತಾವೂ ತುಟಿಯಾಡಿಸುತ್ತಾರೆ. ಆ ಘಳಿಗೆಗೆ ಬೇಕಾದುದನ್ನು ಆ ಘಳಿಗೆಯಲ್ಲಿ ಕಲಿಯಲಾಗದು. ನಾಳೆ ನಮ್ಮ ತುಟಿಗಳು ಯಾವ ಮಾತಿಗೆ ಆಡಬೇಕು, ನಮ್ಮ ಮಕ್ಕಳು ನಮ್ಮ ಹಾಸಿಗೆಯ ಬಳಿ ನಿಂತು ಏನನ್ನು ಹೇಳಬಲ್ಲರು ಎಂಬುದು ಇಂದು ತೀರ್ಮಾನವಾಗುತ್ತಿದೆ.

ಇದು ಬರಿಯ ಗಿಳಿಪಾಠವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಅರ್ಥ ತಿಳಿಯದ ಉಚ್ಚಾರದಿಂದ ಪ್ರಯೋಜನವಿಲ್ಲವೆಂಬುದು ನಿಜ. ಆದರೆ ಅರ್ಥವೆಂಬುದು ಒಂದೇ ದಿನದಲ್ಲಿ ಮುಗಿಯುವ ಸಂಗತಿಯೇ? ಕುರುಬನ ಕೀರ್ತನೆಯಾದ 23ನೆಯದನ್ನು ಹತ್ತನೆಯ ವಯಸ್ಸಿನಲ್ಲಿ ಕಲಿತ ಮಗುವಿಗೆ ಹಸಿರು ಹುಲ್ಲುಗಾವಲು ಮಾತ್ರ ಕಾಣಿಸೀತು. ನಲವತ್ತರಲ್ಲಿ ತಂದೆಯನ್ನು ಮಣ್ಣುಮಾಡಿ ಬಂದ ದಿನ ಅದೇ ಮನುಷ್ಯನಿಗೆ ಕತ್ತಲ ಕಣಿವೆಯ ಮಾತು ತಾನಾಗಿಯೇ ಎದ್ದು ಬರುತ್ತದೆ. ಬಿತ್ತಿದ ದಿನವೇ ಬೆಳೆ ಕೇಳುವ ಒಕ್ಕಲಿಗನಿಲ್ಲ. ತನಗೆ ಪೂರ್ತಿ ಅರ್ಥವಾಗದ ಸಂಗತಿಗಳನ್ನು ಮಾತೆ ಮರಿಯಮ್ಮನವರು ಹೃದಯದಲ್ಲಿ ಇಟ್ಟುಕೊಂಡು ಮನನ ಮಾಡುತ್ತಿದ್ದರೆಂದು ಲೂಕನು ಎರಡು ಕಡೆ ಹೇಳುತ್ತಾನೆ. ಇಟ್ಟುಕೊಂಡರೆ ತಾನೆ ಮನನ?

ಎಲ್ಲವೂ ಫೋನಿನಲ್ಲಿ ಸಿಗುವಾಗ ನೆನಪಿಡುವ ಶ್ರಮವೇಕೆ ಎಂಬುದು ಮತ್ತೊಂದು ಪ್ರಶ್ನೆ. ತಾಯಿಯ ದನಿಯೂ ಫೋನಿನಲ್ಲಿ ಸಿಗುತ್ತದೆ. ಹಾಗೆಂದು ಆ ದನಿಯ ನೆನಪನ್ನು ಮನಸ್ಸಿನಿಂದ ತೆಗೆದುಹಾಕಲು ಯಾರೂ ಒಪ್ಪರು. ಹುಡುಕಿ ತೆಗೆಯುವ ಮಾತು ನಾವು ಕರೆದಾಗ ಮಾತ್ರ ಬರುತ್ತದೆ. ಹೃದಯದಲ್ಲಿರುವ ಮಾತು ನಾವು ಕರೆಯದಿದ್ದಾಗಲೂ ಬಂದು ನಮ್ಮನ್ನು ತಡೆಯುತ್ತದೆ, ಸಂತೈಸುತ್ತದೆ, ಕೆಲವೊಮ್ಮೆ ಗದರುತ್ತದೆ. ದೈವವಾಕ್ಯ ನಮ್ಮನ್ನು ಹಾಗೆ ಹಿಡಿಯಬೇಕೆಂದೇ ನಮ್ಮ ಆಶಯವಲ್ಲವೇ?

ಹಾಗಾದರೆ ಮಾಡುವುದೇನು? ಭಾರವಾದ ವ್ರತವೇನೂ ಬೇಕಾಗಿಲ್ಲ. ಶನಿವಾರ ಸಂಜೆ ಮನೆಯವರೆಲ್ಲ ಜಪಸರಕ್ಕೆ ಕೂತಾಗ ಮರುದಿನದ ಕೀರ್ತನೆಯ ಶ್ಲೋಕವನ್ನು ಐದು ಬಾರಿ ಕೂಡಿ ಹೇಳಿಕೊಳ್ಳಲಿ. ಭಾನುವಾರ ಆ ಶ್ಲೋಕವನ್ನು ತಲೆಯೆತ್ತಿ, ಬಲಿಪೀಠದತ್ತ ನೋಡುತ್ತಾ ಹೇಳುವುದರ ಸುಖವೇ ಬೇರೆ. ಹಾಳೆಯ ಮೇಲಿದ್ದ ಕಣ್ಣು ಮೇಲಕ್ಕೆದ್ದಾಗ ಓದುತ್ತಿದ್ದವನು ಪ್ರಾರ್ಥಿಸುವವನಾಗುತ್ತಾನೆ. ಇದು ರೂಢಿಯಾದ ಮೇಲೆ ತಿಂಗಳಿಗೋ ಎರಡು ತಿಂಗಳಿಗೋ ಒಂದು ಪೂರ್ಣ ಕೀರ್ತನೆ. 117ನೆಯದರಲ್ಲಿ ಎರಡೇ ವಚನಗಳಿವೆ, 134ರಲ್ಲಿ ಮೂರು, 23ರಲ್ಲಿ ಆರು, 121 ಮತ್ತು 130ರಲ್ಲಿ ಎಂಟೆಂಟು. ತಪಸ್ಸುಕಾಲಕ್ಕೆ ಪಶ್ಚಾತ್ತಾಪದ 51. ಮೃತರ ತಿಂಗಳಾದ ನವೆಂಬರಿಗೆ ಆಳದಿಂದ ಮೊರೆಯಿಡುವ 130. ಆಗಮನ ಕಾಲಕ್ಕೆ ಲೂಕನ ಮೊದಲೆರಡು ಅಧ್ಯಾಯಗಳಲ್ಲಿರುವ ಮೂರು ಗೀತೆಗಳು, ಮರಿಯಮ್ಮನವರದು, ಜೆಕರೀಯನದು, ವೃದ್ಧ ಸಿಮೆಯೋನನದು. ಅನಂತರ ಮತ್ತಾಯನ ಐದನೆಯ ಅಧ್ಯಾಯದ ಅಷ್ಟಭಾಗ್ಯಗಳು, ಕೊರಿಂಥದವರಿಗೆ ಪೌಲನು ಪ್ರೀತಿಯನ್ನು ಕುರಿತು ಬರೆದ 13ನೆಯ ಅಧ್ಯಾಯ. ವರ್ಷಕ್ಕೆ ಆರು ಭಾಗಗಳೆಂದರೂ, ಪ್ರಥಮ ಸತ್ಪ್ರಸಾದ ಪಡೆದ ಮಗು ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ದೊಡ್ಡ ಸಂಪತ್ತಿಗೆ ಒಡೆಯನಾಗಿರುತ್ತದೆ.

ಕಲಿಯುವಾಗ ಎರಡು ಮಾತುಗಳನ್ನು ನೆನಪಿಡುವುದು ಮೇಲು. ಬಲಿಪೂಜೆಯಲ್ಲಿ ಬಳಸುವ ಅನುವಾದವನ್ನೇ ಕಲಿಯಬೇಕು. ಆಗ ಮನೆಯ ಮಾತೂ ದೇವಾಲಯದ ಮಾತೂ ಒಂದಾಗುತ್ತವೆ. ಹಾಗೆಯೇ ಮನೆಯ ಪ್ರಾರ್ಥನೆಯ ಭಾಷೆಯಲ್ಲಿ ಕಲಿಯಬೇಕು. ಶಾಲೆಯ ಭಾಷೆ ಬೇರೆ, ಅಜ್ಜಿಯ ಭಾಷೆ ಬೇರೆಯಾಗಿರುವ ಕುಟುಂಬಗಳು ನಮ್ಮ ನಗರಗಳಲ್ಲಿ ಹೆಚ್ಚುತ್ತಿವೆ. ಮೊಮ್ಮಗ ಹೇಳುವ ಕೀರ್ತನೆ ಅಜ್ಜಿಗೆ ತಿಳಿಯದಾದರೆ ವಿಶ್ವಾಸದ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದಂತೆ. ಹಿರಿಯರೇ ಮೊದಲಿಡಲಿ, ಕಿರಿಯರು ಹಿಂದೆ ಹೇಳಲಿ. ಮರೆತವರನ್ನು ಗದರಿಸುವುದು ಬೇಡ. ಒಬ್ಬರು ಮರೆತಲ್ಲಿ ಮತ್ತೊಬ್ಬರು ಎತ್ತಿಕೊಳ್ಳುವುದೇ ಸಭೆಯ ಲಕ್ಷಣ. ಧರ್ಮಕೇಂದ್ರಗಳ ಗುರುಗಳೂ ಗಾಯನವೃಂದದವರೂ ಒಂದೇ ರಾಗವನ್ನು ಕೆಲವು ವಾರಗಳಾದರೂ ಉಳಿಸಿಕೊಂಡು, ಬಲಿಪೂಜೆಗೆ ಮುನ್ನ ಶ್ಲೋಕವನ್ನು ಒಮ್ಮೆ ಹೇಳಿಕೊಟ್ಟರೆ ಅದೂ ದೊಡ್ಡ ಉಪಕಾರ.

ಕನ್ನಡದಲ್ಲಿ ಈ ಅಭ್ಯಾಸಕ್ಕೆ ಬಾಯಿಪಾಠವೆಂದೂ ಕಂಠಪಾಠವೆಂದೂ ಹೆಸರಿದೆ. ಕಲಿತದ್ದು ಪೂರ್ತಿ ನಮ್ಮದಾದಾಗ ಹೃದ್ಗತವಾಯಿತು ಎನ್ನುತ್ತೇವೆ. ಬಾಯಿಂದ ಕಂಠಕ್ಕೆ, ಕಂಠದಿಂದ ಹೃದಯಕ್ಕೆ ಇಳಿಯುವ ದಾರಿಯನ್ನು ನಮ್ಮ ನುಡಿಯೇ ತೋರಿಸಿದೆ. ಪ್ರಭುವಿನ ದಿವ್ಯ ಶರೀರವನ್ನು ನಾವು ನಾಲಿಗೆಯ ಮೇಲೆ ಸ್ವೀಕರಿಸಿ ಒಳಗೆ ಇಳಿಸಿಕೊಳ್ಳುತ್ತೇವೆ. ಅದೇ ಬಲಿಪೂಜೆಯಲ್ಲಿ, ಅದಕ್ಕೂ ಮುನ್ನ, ಅದೇ ಪ್ರಭುವಿನ ವಾಕ್ಯವನ್ನು ನಮಗೆ ಬಡಿಸಲಾಗುತ್ತದೆ. ಅದನ್ನು ತುಟಿಯಂಚಿನಲ್ಲೇ ಬಿಟ್ಟು ಮನೆಗೆ ಮರಳುವುದು ತರವೇ? ಬರುವ ಶನಿವಾರ ಸಂಜೆ ಜಪಸರ ಮುಗಿದ ಮೇಲೆ ದೀಪ ಆರಿಸುವ ಮುನ್ನ, ಪ್ರತಿ ಕುಟುಂಬವೂ ಒಂದು ಶ್ಲೋಕದಿಂದ ಆರಂಭಿಸಲಿ.